ಟಿಎಫ್-ಐಡಿಎಫ್, ಮುರಿಲ್, ಪ್ರಾಂಪ್ಟ್: ಕನ್ನಡದ ದೂರುಗಳ ಮೇಲೆ ಮೂರನ್ನೂ ಓಡಿಸಿ ನೋಡಿದೆ

ಎಂಜಿನಿಯರಿಂಗ್ ಕೊನೇ ವರ್ಷದ ಹುಡುಗರು, ಟೆಸ್ಟಿಂಗ್ ಬಿಟ್ಟು ಮೆಷೀನ್ ಲರ್ನಿಂಗ್ ಕಡೆ ಬರಬೇಕು ಅಂದುಕೊಂಡವರು, ಎಲ್ಲರೂ ಈಗ ಕೇಳುವುದು ಒಂದೇ ಪ್ರಶ್ನೆ. ಲಾಜಿಸ್ಟಿಕ್ ರಿಗ್ರೆಶನ್ (ತೂಕಗಳನ್ನು ಕೂಡಿ ಯಾವ ವರ್ಗ ಎಂದು ಹೇಳುವ ವಿಧಾನ), ಪ್ರಿಸಿಶನ್, ರಿಕಾಲ್ (ಉತ್ತರ ಎಷ್ಟು ಸರಿ ಎಂದು ಅಳೆಯುವ ಎರಡು ಅಳತೆ) ಅಂತ ಹಳೇ ಪಾಠ ಓದಲೇಬೇಕಾ? ಅಥವಾ ಚಾಟ್‌ಜಿಪಿಟಿಯಂಥ ದೊಡ್ಡ ಭಾಷಾ ಮಾಡೆಲ್‌ಗಳಿಗೆ ಪ್ರಾಂಪ್ಟ್, ಅಂದರೆ ಸೂಚನೆ, ಬರೆಯುವುದು ಗೊತ್ತಿದ್ದರೆ ಸಾಕಾ? ಇವೆರಡರ ನಡುವೆ ಇನ್ನೊಂದು ಗುಂಪಿದೆ. ಸಣ್ಣ ಮಾಡೆಲ್ ತಗೊಂಡು ನಿಮ್ಮ ಡೇಟಾ ಮೇಲೆ ಫೈನ್-ಟ್ಯೂನ್ ಮಾಡಿ (ಅಂದರೆ ಮೊದಲೇ ಕಲಿತದ್ದಕ್ಕೆ ಇನ್ನಷ್ಟು ತರಬೇತಿ ಕೊಡಿ), ಉಳಿದದ್ದೆಲ್ಲ ದುಡ್ಡು ದಂಡ ಅನ್ನುವವರು ಅವರು.

ವಾದ ಕೇಳಿ ಕೇಳಿ ಸಾಕಾಗಿತ್ತು. ನನ್ನ ಕೆಲಸದಲ್ಲಿ ಮೂರನ್ನೂ ಒಂದೇ ಡೇಟಾ ಮೇಲೆ ಓಡಿಸಿ ನೋಡುವ ಅವಕಾಶ ಇತ್ತು. ಮನೆಮನೆಗೆ ಹಾಲು, ಮೊಸರು, ತರಕಾರಿ ತಲುಪಿಸುವ ಸಣ್ಣ ಸಂಸ್ಥೆ ನಮ್ಮದು. ಗ್ರಾಹಕರು ಕಳಿಸುವ ದೂರುಗಳನ್ನು ಬೇರೆ ಬೇರೆ ಬುಟ್ಟಿಗೆ ಹಾಕಬೇಕು: ಬಂದಿಲ್ಲ, ತಡವಾಗಿದೆ, ಕೆಟ್ಟಿದೆ, ಪ್ಯಾಕೆಟ್ ಹಾಳಾಗಿದೆ, ದುಡ್ಡು ವಾಪಸ್ ಬೇಕು, ಹೀಗೆ. ಕೇಳಲು ಸುಲಭ. ಆದರೆ ಬರೆಯುವವರು ಬೆಂಗಳೂರಿನವರು, ಮೈಸೂರಿನವರು, ಹುಬ್ಬಳ್ಳಿಯವರು. ಕೆಲವರು ಕನ್ನಡ ಲಿಪಿಯಲ್ಲಿ ಬರೆದರೆ, ಜಾಸ್ತಿ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಕುಟ್ಟುತ್ತಾರೆ. ‘ಬಂದಿಲ್ಲ’ ಬರೆಯಲು ಒಬ್ಬರು ಬರೀ ಡಿ ಹಾಕುತ್ತಾರೆ, ಇನ್ನೊಬ್ಬರು ಡಿ ಪಕ್ಕ ಎಚ್ ಸೇರಿಸುತ್ತಾರೆ, ಮತ್ತೊಬ್ಬರಿಗೆ ಎಲ್ ಒಂದೇ ಸಾಕು. ಇಂಗ್ಲಿಷ್ ಡೇಟಾ ಮೇಲೆ ಕಲಿತು ಬಂದವರಿಗೆ ಈ ಗೋಳು ಅಂದಾಜಾಗುವುದಿಲ್ಲ.

ಮೊದಲು ಟಿಎಫ್-ಐಡಿಎಫ್ ಜೊತೆ ಲಾಜಿಸ್ಟಿಕ್ ರಿಗ್ರೆಶನ್. ಒಂದು ಪದ ಈ ದೂರಿನಲ್ಲಿ ಎಷ್ಟು ಸಲ ಬಂದಿದೆ, ಉಳಿದ ದೂರುಗಳಲ್ಲಿ ಎಷ್ಟು ಅಪರೂಪ, ಅಷ್ಟೇ ಲೆಕ್ಕ. ಅಪರೂಪದ ಪದಕ್ಕೆ ತೂಕ ಜಾಸ್ತಿ ಕೊಡಬೇಕು ಎಂಬ ಈ ಯೋಚನೆಯನ್ನು ಕರೆನ್ ಸ್ಪಾರ್ಕ್ ಜೋನ್ಸ್ 1972ರಲ್ಲೇ ಮುಂದಿಟ್ಟಿದ್ದರು. ದೊಡ್ಡ ಲೆಕ್ಕ ಬೇಗ ಮಾಡುವ ಜಿಪಿಯು ಚಿಪ್ ಬೇಡ, ಹಳೇ ಲ್ಯಾಪ್‌ಟಾಪ್ ಸಾಕು. ಸಾವಿರಾರು ದೂರುಗಳಿದ್ದರೂ ತರಬೇತಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ.

ಇಲ್ಲಿ ಕನ್ನಡದಂಥ ಭಾರತೀಯ ಲಿಪಿಗಳಿಗೆ ಬರುವ ಒಂದು ಗುಂಡಿ ಇದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೈಥಾನ್‌ನ ಮೆಷೀನ್ ಲರ್ನಿಂಗ್ ಲೈಬ್ರರಿ ಸೈಕಿಟ್-ಲರ್ನ್‌ನಲ್ಲಿ ಏನನ್ನೂ ಬದಲಿಸದೆ ಹಾಗೇ ಓಡಿಸಿದರೆ, ಅದು ಪದಗಳನ್ನು ಕತ್ತರಿಸುವ ನಿಯಮ ಕನ್ನಡದ ಕಾಗುಣಿತವನ್ನು ಅಕ್ಷರ ಎಂದು ಒಪ್ಪುವುದಿಲ್ಲ. ದೀರ್ಘ, ಕೊಂಬು, ಸೊನ್ನೆ, ಒತ್ತು ಸಿಕ್ಕಲ್ಲೆಲ್ಲ ಪದ ಮುರಿಯುತ್ತದೆ. ಹಾಗೆ ಮುರಿದ ಮೇಲೆ ಒಂಟಿ ಅಕ್ಷರವಾಗಿ ಉಳಿದದ್ದನ್ನು ಎಸೆದುಬಿಡುತ್ತದೆ. ಹಾಗಾಗಿ ‘ಹಾಲು ಬಂದಿಲ್ಲ’ ಎಂಬ ದೂರು ಪೂರ್ತಿ ಮಾಯ. ಒಂದು ತುಣುಕೂ ಉಳಿಯುವುದಿಲ್ಲ. ‘ಹಣ ಬಂದಿಲ್ಲ’ ಮತ್ತು ‘ಹಣ ಬಂತು’ ಎರಡರಲ್ಲೂ ‘ಹಣ’ ಮಾತ್ರ ಉಳಿಯುತ್ತದೆ. ಒಂದು ದೂರು, ಇನ್ನೊಂದು ಸಮಾಧಾನದ ಮಾತು, ಮಾಡೆಲ್‌ಗೆ ಎರಡೂ ಒಂದೇ. ಎರರ್ ಏನೂ ಬರುವುದಿಲ್ಲ. ಇಂಗ್ಲಿಷ್ ಅಕ್ಷರದ ದೂರುಗಳು ಸರಿಯಾಗಿಯೇ ಓಡುವುದರಿಂದ ಒಟ್ಟು ಅಂಕ ಪರವಾಗಿಲ್ಲ ಅನ್ನಿಸುವಷ್ಟು ಬರುತ್ತದೆ. ಲಿಪಿವಾರು ಅಂಕ ಬೇರೆ ಬೇರೆ ತೆಗೆದರೆ ಮಾತ್ರ ಬಂಡವಾಳ ಬಯಲಾಗುತ್ತದೆ.

ಮದ್ದು ಸರಳ. ಪದಗಳ ಬದಲು ಎರಡರಿಂದ ಐದು ಅಕ್ಷರಗಳ ತುಣುಕುಗಳನ್ನು ಎಣಿಸಲು ಹೇಳಬೇಕು. ಇದರಿಂದ ಇನ್ನೂ ಎರಡು ಲಾಭ. ಮನೆಗೆ, ಮನೆಯಲ್ಲಿ, ಮನೆಯಿಂದ ಅಂತ ವಿಭಕ್ತಿ ಅಂಟಿಕೊಂಡ ರೂಪಗಳೆಲ್ಲ ‘ಮನೆ’ ಎಂಬ ತುಣುಕನ್ನು ಹಂಚಿಕೊಳ್ಳುತ್ತವೆ. ಇಂಗ್ಲಿಷ್ ಅಕ್ಷರದ ಚಿತ್ರವಿಚಿತ್ರ ಸ್ಪೆಲ್ಲಿಂಗ್‌ಗಳ ನಡುವೆಯೂ ಒಂದಿಷ್ಟು ತುಣುಕು ಸಮಾನವಾಗಿ ಸಿಗುತ್ತದೆ. ಹೀಗೆ ಓಡಿಸಿದ ಮೇಲೆ ಈ ಹಳೇ ಮಾಡೆಲ್ ನಮ್ಮ ನೇರ ದೂರುಗಳಲ್ಲಿ ಬಹುಪಾಲನ್ನು ಸರಿಯಾದ ಬುಟ್ಟಿಗೇ ಹಾಕಿತು. ತಪ್ಪಿದಲ್ಲಿ ಯಾಕೆ ತಪ್ಪಿತು ಎಂದು ತೂಕದ ಪಟ್ಟಿ ತೆರೆದು ನೋಡಬಹುದು. ಉಳಿದೆರಡರಲ್ಲಿ ಈ ಸುಖ ಇಲ್ಲ.

ಸೋತದ್ದು ವ್ಯಂಗ್ಯದಲ್ಲಿ. ‘ಭಾಳ ಜಲ್ದಿ ತಂದ್ರಿ ನೋಡ್ರಿ, ಊಟದ ಹೊತ್ತಿಗೆ ಬಂತು ಹಾಲು’ ಎಂಬಂಥ ಮಾತನ್ನು ಅದು ಹೊಗಳಿಕೆಗೆ ಸೇರಿಸಿತು. ‘ಹಾಲು ಬಂತು, ಮೊಸರು ಬಂದಿಲ್ಲ’ ಎಂಬಲ್ಲೂ ಒದ್ದಾಡಿತು. ಏನು ಬಂತು, ಏನು ಬಂದಿಲ್ಲ ಎಂಬ ಜೋಡಣೆ ಅದಕ್ಕೆ ಕಾಣುವುದೇ ಇಲ್ಲ.

ಎರಡನೆಯದು ಮುರಿಲ್. ಗೂಗಲ್‌ನ ಭಾರತದ ಸಂಶೋಧನಾ ತಂಡ ಮಾಡಿದ, ಬರ್ಟ್ (ಪದದ ಎರಡೂ ಬದಿ ನೋಡಿ ಅರ್ಥ ಹಿಡಿಯುವ ಗೂಗಲ್ ಮಾಡೆಲ್) ಮಾದರಿಯ ಮಾಡೆಲ್ ಇದು. ಇಂಗ್ಲಿಷ್ ಮತ್ತು 16 ಭಾರತೀಯ ಭಾಷೆಗಳು ಇದರಲ್ಲಿವೆ, ಕನ್ನಡವೂ ಸೇರಿ. ನಾನು ಇದನ್ನೇ ಆರಿಸಿದ್ದಕ್ಕೆ ಒಂದೇ ಕಾರಣ: ಇಂಗ್ಲಿಷ್ ಅಕ್ಷರದಲ್ಲಿ ಬರೆದ ಭಾರತೀಯ ಭಾಷೆಗಳ ಪಠ್ಯವನ್ನೂ ಬೇಕೆಂದೇ ಅದಕ್ಕೆ ಉಣಿಸಿದ್ದಾರೆ. ನಮ್ಮ ಗ್ರಾಹಕರು ಬರೆಯುವುದೇ ಹಾಗೆ ಅಲ್ವಾ?

ಗೂಗಲ್‌ನ ಆನ್‌ಲೈನ್ ನೋಟ್‌ಬುಕ್ ಕೊಲ್ಯಾಬ್‌ನಲ್ಲಿ ಬಿಟ್ಟಿ ಸಿಗುವ ಟಿ4 ಜಿಪಿಯು ಸಾಕು. ಊಟ ಮುಗಿಸಿ ಬರುವಷ್ಟರಲ್ಲಿ ಫೈನ್-ಟ್ಯೂನಿಂಗ್ ಆಗಿರುತ್ತದೆ. ನಿರೀಕ್ಷಿಸಿದಂತೆ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಇದು ಹಳೇ ವಿಧಾನವನ್ನು ಸ್ಪಷ್ಟವಾಗಿ ಹಿಂದೆ ಹಾಕಿತು. ಹಾಲು, ಮೊಸರಿನ ಜೋಡಣೆಯೂ ಅದಕ್ಕೆ ತಿಳಿಯಿತು. ವ್ಯಂಗ್ಯದಲ್ಲಿ ಮಾತ್ರ ಒಮ್ಮೆ ಗೆಲುವು, ಒಮ್ಮೆ ಸೋಲು.

ಕಿರಿಕಿರಿಗಳೂ ಇವೆ. ಡೇಟಾ ಕಡಿಮೆ ಇದ್ದಾಗ, ಆರಂಭದ ಯಾದೃಚ್ಛಿಕ ಸಂಖ್ಯೆ, ಅಂದರೆ ಸೀಡ್ ಬದಲಿಸಿದರೂ ಅಂಕ ಏರುಪೇರಾಗುತ್ತದೆ. ಒಂದೇ ಸಲ ಓಡಿಸಿ ‘ಇಷ್ಟು ಬಂತು’ ಅಂತ ಮೀಟಿಂಗ್‌ನಲ್ಲಿ ಹೇಳುವುದು ಅಪಾಯ. ಗಾತ್ರವೂ ಕಡಿಮೆ ಅಲ್ಲ. ಫೈಲ್ 1 ಜಿಬಿ ಹತ್ತಿರ ಹೋಗುತ್ತದೆ. ಇಷ್ಟೊಂದು ಭಾಷೆಗಳಿಗಾಗಿ ಸುಮಾರು 1,97,000 ತುಣುಕುಗಳ ಶಬ್ದಪಟ್ಟಿ ಇಟ್ಟುಕೊಂಡಿರುವುದರಿಂದ, ಮಾಡೆಲ್‌ನ ಅರ್ಧಕ್ಕಿಂತ ಜಾಸ್ತಿ ಭಾಗ ಬರೀ ಆ ಪಟ್ಟಿಯ ಕೋಷ್ಟಕವೇ. ನಮಗೆ ಬೇಕಾದದ್ದು ಕನ್ನಡ, ಇಂಗ್ಲಿಷ್. ಉಳಿದ 15 ಭಾಷೆಗಳ ಬಾಡಿಗೆಯನ್ನೂ ನಾವೇ ಕಟ್ಟಬೇಕು.

ಮೂರನೆಯದು ದೊಡ್ಡ ಭಾಷಾ ಮಾಡೆಲ್‌ಗೆ ಪ್ರಾಂಪ್ಟ್. ತರಬೇತಿ ಇಲ್ಲ. ಬುಟ್ಟಿಗಳ ಹೆಸರು, ಒಂದೊಂದಕ್ಕೂ ಎರಡು ಉದಾಹರಣೆ ಬರೆದು ಕೊಟ್ಟರೆ ಆಯಿತು. ಮೊದಲ ದಿನವೇ ಕೆಲಸ ಶುರು. ಹುಬ್ಬಳ್ಳಿಯ ವ್ಯಂಗ್ಯ ಅದಕ್ಕೆ ಸರಾಗವಾಗಿ ಅರ್ಥವಾಯಿತು. ‘ಮಾರಾಯ್ರೆ’ ಅಂತ ಶುರುವಾಗುವ ಮಂಗಳೂರು ಕಡೆಯ ದೂರುಗಳೂ ಅಷ್ಟೇ. ತರಬೇತಿಯಲ್ಲಿ ಆ ಕಡೆಯ ಮಾತು ಕಾಣದಿದ್ದ ಉಳಿದೆರಡು ಮಾಡೆಲ್‌ಗಳು ಅಲ್ಲಿ ಮುಗ್ಗರಿಸಿದವು.

ಒಂದು ಸಂಗತಿ ನನಗೆ ಬಹಳ ಹಿಡಿಸಿತು. ‘ಎರಡು ದಿನ ಹಾಲು ಬೇಡ ಅಂದಿದ್ದೆ, ಆದರೂ ಹಾಕಿ ಹೋಗಿದ್ದಾರೆ’ ಎಂಬಂಥ ದೂರಿಗೆ ಅದು ನಮ್ಮ ಪಟ್ಟಿಯಲ್ಲೇ ಇಲ್ಲದ ಹೊಸ ಬುಟ್ಟಿ ಸೃಷ್ಟಿಸಿತು. ಪ್ರೋಗ್ರಾಂ ದೃಷ್ಟಿಯಿಂದ ಅದು ತಪ್ಪು, ಮುಂದಿನ ಹಂತ ಅದರಿಂದ ಕೆಡುತ್ತದೆ. ಉತ್ತರವನ್ನು ಪಟ್ಟಿಯೊಳಗೇ ಕಟ್ಟಿಹಾಕುವ ಸೌಲಭ್ಯ ಈಗ ಇದೆ, ಬಳಸಿದೆವು. ಆದರೆ ಆ ಬುಟ್ಟಿ ನಿಜಕ್ಕೂ ನಮಗೆ ಬೇಕಿತ್ತು! ಪಟ್ಟಿಗೆ ಸೇರಿಸಿಕೊಂಡೆವು. ಲಾಜಿಸ್ಟಿಕ್ ರಿಗ್ರೆಶನ್ ಯಾವತ್ತೂ ಹೀಗೆ ‘ನಿಮ್ಮ ಪಟ್ಟಿಯೇ ಸರಿ ಇಲ್ಲ’ ಅಂತ ಹೇಳುವುದಿಲ್ಲ.

ಖರ್ಚಿನ ಮಾತು. ಇಲ್ಲಿ ದುಡ್ಡು ಟೋಕನ್ ಲೆಕ್ಕದಲ್ಲಿ, ಅಂದರೆ ಮಾಡೆಲ್ ಪಠ್ಯವನ್ನು ಕತ್ತರಿಸಿಕೊಳ್ಳುವ ತುಣುಕುಗಳ ಲೆಕ್ಕದಲ್ಲಿ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಬಂದಿಲ್ಲ’ ಕನ್ನಡ ಲಿಪಿಯಲ್ಲಿ 21 ಬೈಟ್, ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ 8. ಹಳೇ ಟೋಕನೈಸರ್‌ಗಳು ಕನ್ನಡವನ್ನು ಹೆಚ್ಚುಕಡಿಮೆ ಬೈಟ್ ಮಟ್ಟಕ್ಕೇ ಚೂರು ಮಾಡುತ್ತಿದ್ದವು. 2024ರಲ್ಲಿ ಓಪನ್‌ಎಐ ತಂದ ಜಿಪಿಟಿ-4ಒ ಮಾಡೆಲ್ ಜೊತೆ ಶಬ್ದಪಟ್ಟಿ ಸುಮಾರು 1 ಲಕ್ಷದಿಂದ 2 ಲಕ್ಷಕ್ಕೆ ಬೆಳೆದ ಮೇಲೆ ಭಾರತೀಯ ಭಾಷೆಗಳ ಪರಿಸ್ಥಿತಿ ಸುಧಾರಿಸಿದೆ. ಆದರೂ ಇಂಗ್ಲಿಷ್‌ನ ದರಕ್ಕೆ ಕನ್ನಡ ಬಂದಿಲ್ಲ. ಸಣ್ಣ ಸಂಸ್ಥೆಗೆ ಇದು ತಿಂಗಳ ಬಿಲ್‌ನಲ್ಲಿ ಕಾಣುತ್ತದೆ.

ಬಿಲ್‌ಗಿಂತ ನನಗೆ ಚಿಂತೆ ಹಚ್ಚಿದ್ದು ಬೇರೆ ಎರಡು. ಗ್ರಾಹಕರು ದೂರಿನಲ್ಲೇ ಫೋನ್ ನಂಬರ್, ಮನೆ ವಿಳಾಸ ಬರೆದುಬಿಡುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಬಂದ ಮೇಲೆ ಅದನ್ನು ಸುಮ್ನೆ ಹೊರಗಿನ ಸರ್ವರ್‌ಗೆ ಕಳಿಸುವುದು ಅಪಾಯ, ಮೊದಲು ಅಳಿಸುವುದು ಒಳ್ಳೆಯದು. ಎರಡನೆಯದು, ಕಂಪನಿಗಳು ಹಳೇ ಮಾಡೆಲ್ ನಿಲ್ಲಿಸಿ ಹೊಸದು ತರುತ್ತಲೇ ಇರುತ್ತವೆ. ನಮ್ಮ ಪ್ರಾಂಪ್ಟ್ ಅದೇ, ಉತ್ತರ ಬೇರೆ. ಮುರಿಲ್ ಫೈಲ್ ನಮ್ಮ ಡಿಸ್ಕ್‌ನಲ್ಲಿದ್ದರೆ ಹತ್ತು ವರ್ಷ ಬಿಟ್ಟರೂ ಅದೇ ಉತ್ತರ ಕೊಡುತ್ತದೆ.

ಹಾಗಾದರೆ ಯಾವುದು ಗೆದ್ದಿತು? ಕಷ್ಟದ ದೂರುಗಳಲ್ಲಿ ಪ್ರಾಂಪ್ಟ್, ಅನುಮಾನವೇ ಇಲ್ಲ. ಸುಲಭದವುಗಳಲ್ಲಿ ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಮತ್ತು ನಮ್ಮಲ್ಲಿ ಬರುವ ದೂರುಗಳಲ್ಲಿ ಸುಲಭದವೇ ಜಾಸ್ತಿ. ಈಗ ಹಳೇ ಮಾಡೆಲ್ ಮುಂಬಾಗಿಲಲ್ಲಿ ಕೂತಿದೆ. ಅದಕ್ಕೆ ಖಾತ್ರಿ ಇದ್ದದ್ದನ್ನು ಅದೇ ವಿಲೇವಾರಿ ಮಾಡುತ್ತದೆ, ಅನುಮಾನ ಬಂದದ್ದನ್ನು ವಿಳಾಸ, ನಂಬರ್ ಅಳಿಸಿ ದೊಡ್ಡ ಮಾಡೆಲ್‌ಗೆ ಕಳಿಸುತ್ತೇವೆ. ಮುರಿಲ್ ನಮ್ಮಲ್ಲಿ ಕೆಲಸ ಕಳೆದುಕೊಂಡಿತು. ಡೇಟಾ ಹೊರಗೆ ಹೋಗಲೇಬಾರದು ಎಂಬ ಬ್ಯಾಂಕ್, ಆಸ್ಪತ್ರೆಯಂಥ ಕಡೆ ನಾನಿದ್ದಿದ್ದರೆ ಕಣ್ಣು ಮುಚ್ಚಿ ಅದನ್ನೇ ಇಟ್ಟುಕೊಳ್ಳುತ್ತಿದ್ದೆ.

ಇಲ್ಲಿ ಎಐ ಸಂಶೋಧಕ ರಿಚ್ ಸಟನ್ 2019ರಲ್ಲಿ ಎತ್ತಿದ ವಾದ ನೆನಪಾಗುತ್ತದೆ. ಮನುಷ್ಯರು ಕೂತು ಯೋಚಿಸಿ ತುಂಬಿದ ವಿಶೇಷ ಜ್ಞಾನವನ್ನು, ಹೆಚ್ಚು ಕಂಪ್ಯೂಟರ್ ಬಲ ಬಳಸುವ ಸಾಮಾನ್ಯ ವಿಧಾನಗಳು ಕೊನೆಗೆ ಹಿಂದಿಕ್ಕುತ್ತವೆ ಎನ್ನುತ್ತಾರೆ ಅವರು. ಮುರಿಲ್‌ನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡವನ್ನು ಕಾಳಜಿಯಿಂದ ಸೇರಿಸಿದ್ದರು. ಅಂಥ ಕಾಳಜಿಯನ್ನೇ ಗುರಿ ಮಾಡಿಕೊಳ್ಳದ ದೊಡ್ಡ ಮಾಡೆಲ್ ಬರೀ ಗಾತ್ರದ ಬಲದಿಂದ ಮುಂದೆ ಹೋಯಿತು. ಸಟನ್ ಮಾತು ಈ ಮಟ್ಟಿಗೆ ಸರಿ. ಆದರೆ ಕನ್ನಡ ಲಿಪಿಯನ್ನೇ ನುಂಗಿದ ಆ ಕತ್ತರಿಸುವ ನಿಯಮವನ್ನು ಯಾವ ಗಾತ್ರವೂ ಹಿಡಿದುಕೊಡಲಿಲ್ಲ. ಅದಕ್ಕೆ ಕಾಗುಣಿತ ಗೊತ್ತಿರುವ ಒಬ್ಬರು ಬೇಕಾಯಿತು.

ಮೂರನ್ನೂ ಹೋಲಿಸಲು ಕೈಯಿಂದ ಲೇಬಲ್ ಹಾಕಿದ ಪರೀಕ್ಷಾ ಡೇಟಾ ಬೇಕಲ್ಲ, ನಿಜವಾದ ಸಮಯ ತಿಂದದ್ದು ಅದು. ಬರೀ ‘ಒಡೆದು ಹೋಗಿದೆ’ ಅಂತ ದೂರು ಬಂದರೆ ಹಾಲು ಒಡೆದದ್ದಾ, ಪ್ಯಾಕೆಟ್ ಒಡೆದದ್ದಾ? ಇಬ್ಬರು ಲೇಬಲ್ ಹಾಕಿದರೆ ಎರಡು ಉತ್ತರ. ಮನುಷ್ಯರೇ ಒಪ್ಪದ ಕಡೆ ಮಾಡೆಲ್‌ನಿಂದ ಪೂರ್ತಿ ಅಂಕ ಬಯಸುವುದರಲ್ಲಿ ಅರ್ಥವಿಲ್ಲ. ಇನ್ನೊಂದು ಎಚ್ಚರ: ಡೇಟಾವನ್ನು ಕಲಸಿ ಎರಡು ಭಾಗ ಮಾಡಬೇಡಿ. ಒಬ್ಬರೇ ಗ್ರಾಹಕರು ಪ್ರತಿ ವಾರ ಅದೇ ವಾಕ್ಯ ಕಳಿಸುತ್ತಾರೆ. ಅದು ತರಬೇತಿಯಲ್ಲೂ ಪರೀಕ್ಷೆಯಲ್ಲೂ ಸೇರಿಕೊಂಡರೆ ಅಂಕ ಸುಳ್ಳೇ ಉಬ್ಬುತ್ತದೆ. ಹಳೇ ತಿಂಗಳುಗಳಲ್ಲಿ ಕಲಿಸಿ, ಹೊಸ ತಿಂಗಳಲ್ಲಿ ಪರೀಕ್ಷಿಸಿ.

ಈಗ ಕೆಲಸದ ಪ್ರಶ್ನೆಗೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಬಳಸುವ ಕ್ರಮ ಬೇರೆ, ಕಲಿಯುವ ಕ್ರಮ ಬೇರೆ. ಸಂಸ್ಥೆಯಲ್ಲಿ ಹೊಸ ಕೆಲಸ ಶುರುವಾದರೆ ಮೊದಲು ಪ್ರಾಂಪ್ಟ್ ಬರೆದೇ ನೋಡಿ. ಆಗುತ್ತದೋ ಇಲ್ಲವೋ ಸಂಜೆಯೊಳಗೆ ಗೊತ್ತಾಗುತ್ತದೆ, ಲೇಬಲ್ ಹಾಕುವವರಿಗೂ ಅದರ ಉತ್ತರ ಕರಡಾಗುತ್ತದೆ. ಕಲಿಯುವಾಗ ಮಾತ್ರ ಟಿಎಫ್-ಐಡಿಎಫ್‌ನಿಂದ ಶುರು ಮಾಡಿ. ಮಾಡೆಲ್ ಒಳಗೆ ಏನು ಹೋಯಿತು, ಏನು ಬಿದ್ದುಹೋಯಿತು ಎಂದು ಕಣ್ಣಾರೆ ಕಾಣುವುದು ಅಲ್ಲಿ ಮಾತ್ರ. ಪ್ರಾಂಪ್ಟ್‌ನಿಂದಲೇ ಶುರು ಮಾಡಿದವರು ಎಷ್ಟೋ ಜನ ಸಂದರ್ಶನಕ್ಕೆ ಬರುತ್ತಾರೆ. ಡೆಮೊ ಚೆನ್ನಾಗಿರುತ್ತದೆ. ಇದು ಸರಿ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳಿದರೆ ಮಾತು ನಿಲ್ಲುತ್ತದೆ.

ಎಲ್ಲ ಕೆಲಸವೂ ಹೋಗುತ್ತದೆ ಎಂದು ಹೆದರಿಸುವವರ ಮಾತು ಕೇಳಿ ಈ ಕ್ಷೇತ್ರವನ್ನೇ ಬಿಡುವವರೂ ಇದ್ದಾರೆ. 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್, ಇನ್ನು ಎಕ್ಸ್-ರೇ, ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ನಿಲ್ಲಿಸಬೇಕು ಎಂದಿದ್ದರು. ಅವರಿಗೆ 2024ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು, ರೇಡಿಯಾಲಜಿಸ್ಟ್‌ಗಳು ಇನ್ನೂ ಕೆಲಸ ಮಾಡುತ್ತಲೇ ಇದ್ದಾರೆ. ದೊಡ್ಡವರ ಭವಿಷ್ಯವಾಣಿಗೂ ಪರೀಕ್ಷಾ ಡೇಟಾ ಬೇಕು ಅನ್ನಿಸುತ್ತದೆ ನನಗೆ.

ಪದವಿಯ ವಿಚಾರ ಚುಟುಕಾಗಿ. ಹೊಸ ಮಾಡೆಲ್ ಕಟ್ಟುವ ಸಂಶೋಧನೆ ಬೇಕೆಂದರೆ ಪಿಎಚ್‌ಡಿ ದಾರಿಯೇ ಹೆಚ್ಚು ಭದ್ರ. ಎಂ.ಟೆಕ್ ಬೇಕಿದ್ದರೆ 2024ರಿಂದ ಗೇಟ್‌ನಲ್ಲಿ ಡೇಟಾ ಸೈನ್ಸ್ ಮತ್ತು ಎಐಗೆ ಪ್ರತ್ಯೇಕ ಪತ್ರಿಕೆಯೇ ಇದೆ. ನಮ್ಮಂಥ ಕೆಲಸಕ್ಕೆ ಎರಡೂ ಕಡ್ಡಾಯ ಅಲ್ಲ. ಅಭ್ಯಾಸಕ್ಕೆ ಡೇಟಾ ಇಲ್ಲ ಅನ್ನುವವರು ಯೂಟ್ಯೂಬ್ ಕಾಮೆಂಟ್‌ಗಳಿಂದ ಮಾಡಿದ ಕನ್ನಡ-ಇಂಗ್ಲಿಷ್ ಮಿಶ್ರ ಡೇಟಾ ತೆಗೆದುಕೊಳ್ಳಿ. ಕ್ಯಾನ್‌ಸಿಎಂಡಿ ಅಂತ ಹೆಸರು, 7,600ಕ್ಕೂ ಹೆಚ್ಚು ಕಾಮೆಂಟ್‌ಗಳಿವೆ, ಭಾವನೆಯ ಲೇಬಲ್ ಕೂಡ ಹಾಕಿದ್ದಾರೆ. ಮೂರೂ ವಿಧಾನ ಅದರ ಮೇಲೆ ಓಡಿಸಿ, ಲಿಪಿವಾರು ಅಂಕ ಬೇರೆ ಬೇರೆ ಬರೆದಿಟ್ಟುಕೊಂಡು ಸಂದರ್ಶನಕ್ಕೆ ಬನ್ನಿ. ಆ ಒಂದು ಹಾಳೆ ತಂದವರನ್ನು ನಾನಂತೂ ಇನ್ನೂ ಅರ್ಧ ಗಂಟೆ ಜಾಸ್ತಿ ಕೂರಿಸಿ ಮಾತಾಡಿಸುತ್ತೇನೆ.