ಸ್ಟಾಕ್‌ಹೋಮ್ ಚಳಿಗಾಲಕ್ಕೆ ಯಾವುದು: ದೀಪವೋ, ನಡಿಗೆಯೋ, ಮಾತೋ?

ಡಿಸೆಂಬರ್ 21ರ ಸುಮಾರಿಗೆ ಸ್ಟಾಕ್‌ಹೋಮ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ 8:45ರ ಹೊತ್ತಿಗೆ. ಮುಳುಗುವುದು ಮಧ್ಯಾಹ್ನ 2:50ರೊಳಗೆ. ನಾನು ಸಾಗರದ ಕಡೆಯವಳು. ಆಷಾಢದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಊರಲ್ಲಿ ಬೆಳೆದವಳಿಗೆ ಇದೇನು ಮಹಾ ಅಂದುಕೊಂಡೇ ಬಂದಿದ್ದೆ. ಆದರೆ ಮಲೆನಾಡಿನ ಮಳೆಗಾಲದಲ್ಲಿ ಮೋಡದ ಹಿಂದಾದರೂ ಹದಿಮೂರು ಗಂಟೆ ಹಗಲು ಇರುತ್ತದೆ. ಮನೆ ತುಂಬ ಜನ ಇರುತ್ತಾರೆ. ಇಲ್ಲಿ ಹಗಲು ಆರೇ ಗಂಟೆ. ಆ ಆರು ಗಂಟೆಯೂ ನಾನು ಷಿಸ್ತಾ ಎಂಬ ಬಡಾವಣೆಯ ಆಫೀಸಿನ ಒಳಗೆ.

ಎರಡನೇ ಚಳಿಗಾಲದಲ್ಲಿ ಮನಸ್ಸು ಕುಸಿಯಿತು. ಜನವರಿಗೆ ಮುಗಿಸಬೇಕಾದ ಕೆಲಸ ಬೆಟ್ಟದಷ್ಟಿತ್ತು. ವರ್ಕ್ ಪರ್ಮಿಟ್ ನವೀಕರಣವೂ ಆಗಲೇ ಬಂದಿತ್ತು. ಹತ್ತು ಗಂಟೆ ಮಲಗಿದರೂ ಸುಸ್ತು. ಊಟವಾದ ಮೇಲೂ ಅನ್ನ, ಸಿಹಿ ಬೇಕು ಅನಿಸುತ್ತಿತ್ತು. ಅಮ್ಮನ ಫೋನ್ ರಿಂಗಾದರೆ ಸುಮ್ನೆ ನೋಡುತ್ತಾ ಕೂರುತ್ತಿದ್ದೆ. ಇಂಥ ಋತುಮಾನದ ಖಿನ್ನತೆಗೆ ವೈದ್ಯಲೋಕ ಹೆಸರು ಕೊಟ್ಟಿದ್ದೇ 1984ರಲ್ಲಿ. ಅಮೆರಿಕದ ನಾರ್ಮನ್ ರೋಸೆಂಥಾಲ್ ಮತ್ತು ಅವರ ಜೊತೆಗಾರರು ಅದನ್ನು ವಿವರಿಸಿದರು. ಜಾಸ್ತಿ ನಿದ್ದೆ, ಜಾಸ್ತಿ ಹಸಿವು ಅದರ ಗುರುತುಗಳು ಎಂದು ಓದಿದಾಗ ನನ್ನ ದಿನಚರಿಯನ್ನೇ ಯಾರೋ ಬರೆದಂತಿತ್ತು.

ಆಮೇಲಿನ ದಿನಗಳಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಮೊದಲು ದೀಪ. ಲೈಟ್ ಥೆರಪಿಗೆಂದೇ ಮಾಡಿದ 10,000 ಲಕ್ಸ್‌ನ ದೀಪ ಸಿಗುತ್ತದೆ. ಲಕ್ಸ್ ಎಂದರೆ ಬೆಳಕಿನ ಅಳತೆ. ಬೆಳಿಗ್ಗೆ ಎದ್ದ ಕೂಡಲೇ ಅದರ ಮುಂದೆ ಅರ್ಧ ಗಂಟೆ ಕೂರಬೇಕು. ದೀಪವನ್ನೇ ದಿಟ್ಟಿಸಬಾರದು. ಅದು ಪಕ್ಕದಲ್ಲಿ ಉರಿಯುತ್ತಿದ್ದರೆ ನಾವು ಕಾಫಿ ಕುಡಿಯಬಹುದು, ಓದಬಹುದು. ಕಣ್ಣಿಗೆ ಬಿದ್ದ ಬೆಳಕು ಮೆಲಟೋನಿನ್ ಎಂಬ ನಿದ್ದೆಯ ಹಾರ್ಮೋನನ್ನು ತಗ್ಗಿಸಿ, ದೇಹದ ಗಡಿಯಾರಕ್ಕೆ ಬೆಳಗಾಯಿತು ಎಂದು ತಿಳಿಸುತ್ತದೆ.

ನನಗೆ ಮೊದಲ ಮೂರು ವಾರ ಏನೂ ಆಗಲಿಲ್ಲ. ತಪ್ಪು ದೂರದ್ದು. ದೀಪವನ್ನು ಊಟದ ಮೇಜಿನ ಆ ಕಡೆ ಇಟ್ಟಿದ್ದೆ. ಕೈಪಿಡಿ ಪೂರ್ತಿ ಓದಿದಾಗ ಗೊತ್ತಾಯಿತು, ನನ್ನದು 10,000 ಲಕ್ಸ್ ಕೊಡುವುದು ಮುಖದಿಂದ ಒಂದು ಗೇಣು ದೂರದಲ್ಲಿದ್ದಾಗ ಮಾತ್ರ. ಹಿಂದೆ ಸರಿದಷ್ಟೂ ಬೆಳಕು ಬೇಗ ಇಳಿಯುತ್ತದೆ. ಹತ್ತಿರ ತಂದ ಮೇಲೆ ಎರಡು ದಿನ ತಲೆನೋವು ಬಂತು. ವಾರದೊಳಗೆ ಬೆಳಗಿನ ಭಾರ ಇಳಿಯಿತು. ಅಲಾರಂ ಹೊಡೆದರೆ ಎದ್ದು ಕೂರಲು ಆಗುತ್ತಿತ್ತು. ನನ್ನ ಮಟ್ಟಿಗೆ ಅದು ದೊಡ್ಡ ಸಂಗತಿ. ಒಂದು ದಿನ ಬೆಳಿಗ್ಗೆ ತಪ್ಪಿತೆಂದು ರಾತ್ರಿ ಎಂಟಕ್ಕೆ ಹಚ್ಚಿ ಕೂತೆ. ಎರಡು ಗಂಟೆವರೆಗೂ ನಿದ್ದೆ ಹತ್ತಲಿಲ್ಲ. ಹಾಗೆ ಮಾಡಬೇಡಿ. ಕಣ್ಣಿನ ಕಾಯಿಲೆ ಇರುವವರು, ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇರುವವರು ಡಾಕ್ಟರನ್ನು ಕೇಳದೆ ಇದನ್ನು ಶುರು ಮಾಡಲೇಬಾರದು.

ಆದರೆ ಮಧ್ಯಾಹ್ನ ಮೂರರ ನಂತರದ ನನ್ನ ಸ್ಥಿತಿಗೆ ದೀಪ ಏನೂ ಮಾಡಲಿಲ್ಲ. ಕಿಟಕಿಯಾಚೆ ಕತ್ತಲಾದ ಕೂಡಲೇ ಎದೆಯಲ್ಲಿ ಅದೇ ಕಲ್ಲು.

ಮುಂದಿನ ಚಳಿಗಾಲ ದೀಪ ಬಿಟ್ಟು ನಡಿಗೆ ಹಿಡಿದೆ. ಆಫೀಸಿನಿಂದ ಸ್ವಲ್ಪ ದೂರಕ್ಕೆ ಯಾರ್ವದ ಬಯಲಿದೆ, ಇಗೆಲ್‌ಬೆಕೆನ್ ಎಂಬ ಸಣ್ಣ ತೊರೆ ಹರಿಯುತ್ತದೆ. ಹನ್ನೊಂದೂವರೆಗೆ ಹೊರಟು ನಲವತ್ತು ನಿಮಿಷ ನಡೆದು ಬಂದು ಆಮೇಲೆ ಊಟ. ಮೋಡ ಕವಿದ ಮಧ್ಯಾಹ್ನವೂ ಹೊರಗಿನ ಬೆಳಕು ಆಫೀಸಿನ ಒಳಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ನಮ್ಮ ಕಣ್ಣು ಹೊಂದಿಕೊಂಡು ಬಿಡುವುದರಿಂದ ಆ ವ್ಯತ್ಯಾಸ ಗೊತ್ತಾಗುವುದಿಲ್ಲ, ಅಷ್ಟೇ. ಖರ್ಚು ಅಂದರೆ ಒಳ್ಳೆಯ ಜಾಕೆಟ್ಟು, ಮಂಜುಗಡ್ಡೆಯ ಮೇಲೆ ಜಾರದ ಹಾಗೆ ಷೂ ತಳಕ್ಕೆ ಸಿಕ್ಕಿಸುವ ಮುಳ್ಳಿನ ಪಟ್ಟಿ. ಇಲ್ಲಿ ಬ್ರೊಡ್ಡರ್ ಅನ್ನುತ್ತಾರೆ. ಅದಿಲ್ಲದೆ ಜನವರಿಯಲ್ಲಿ ಹೊರಗೆ ಕಾಲಿಡಬೇಡಿ.

ನಡಿಗೆಯಿಂದ ಬೆಳಿಗ್ಗೆ ಏಳುವುದು ದೀಪದಷ್ಟು ಸುಲಭವಾಗಲಿಲ್ಲ. ಸಂಜೆ ಮಾತ್ರ ಎಷ್ಟೋ ಹಗುರಾಯಿತು, ರಾತ್ರಿ ನಿದ್ದೆಯೂ ಸರಿಯಾಗಿ ಬಂತು. ಕಷ್ಟ ನವೆಂಬರ್‌ನದು. ಹಿಮ ಬಿದ್ದ ಮೇಲೆ ನೆಲವೇ ಬೆಳಕು ಚೆಲ್ಲುತ್ತದೆ. ನವೆಂಬರ್‌ನಲ್ಲಿ ಸಾಮಾನ್ಯವಾಗಿ ಹಿಮ ನಿಂತಿರುವುದಿಲ್ಲ. ಬರೀ ಜಿಟಿಜಿಟಿ ಮಳೆ, ಕಪ್ಪು ಡಾಂಬರು. ಆ ತಿಂಗಳು ನಾನು ವಾರಕ್ಕೆ ಎರಡು ದಿನವೂ ಹೋಗಲಿಲ್ಲ. ಅತಿ ಬೇಕಾದಾಗಲೇ ಹೊರಡಲು ಮನಸ್ಸು ಬಾರದಿರುವುದು ನಡಿಗೆಯ ದೊಡ್ಡ ಕೊರತೆ.

ಅದೇ ಜನವರಿಯಲ್ಲಿ ಹತ್ತಿರದ ಆರೋಗ್ಯ ಕೇಂದ್ರದ ಮೂಲಕ ಸಿಬಿಟಿಗೆ ಹೆಸರು ಬರೆಸಿದೆ. ಇಲ್ಲಿಯವರು ಅದನ್ನು ಕೋಬೇಟೇ ಅನ್ನುತ್ತಾರೆ. ಯೋಚನೆ, ನಡವಳಿಕೆ ಎರಡನ್ನೂ ಹಿಡಿದು ಕೆಲಸ ಮಾಡುವ ಮಾತಿನ ಚಿಕಿತ್ಸೆ. ಐದು ವಾರ ಕಾಯಬೇಕಾಯಿತು.

ಮೊದಲ ದಿನವೇ ಭಾಷೆಯಲ್ಲಿ ಸಿಕ್ಕಿಕೊಂಡೆ. ಹೇಗನಿಸುತ್ತಿದೆ ಎಂದು ಚಿಕಿತ್ಸಕಿ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಬಾಯಿಗೆ ಬಂದದ್ದು ಬೇಜಾರು. ದುಃಖ ಅಂದೆ, ಅದಲ್ಲ ಅನಿಸಿತು. ಬೋರ್ ಅಂದೆ, ಅದೂ ಅಲ್ಲ. ನಮ್ಮ ಬೇಜಾರಿನಲ್ಲಿ ದುಃಖವೂ ಇದೆ, ಸಾಕಾಗಿದೆ ಅನ್ನುವುದೂ ಇದೆ, ಯಾರ ಮೇಲೋ ಸಣ್ಣ ಮುನಿಸೂ ಇದೆ ಅಲ್ವಾ? ಆಕೆ ಆ ಪದವನ್ನೇ ಒಂದು ಹಾಳೆಯ ಮೇಲೆ ಬರೆಸಿದರು, ಕನ್ನಡದಲ್ಲೇ. ಕೆಳಗೆ ನಾಲ್ಕು ಗೆರೆ ಎಳೆಸಿದರು: ಸುಸ್ತು, ಒಂಟಿತನ, ಸಿಟ್ಟು, ಹೆದರಿಕೆ. ಪ್ರತಿ ಸಂಜೆ ಯಾವುದು ಎಷ್ಟು ಎಂದು ಹತ್ತಕ್ಕೆ ಅಂಕ ಹಾಕಬೇಕು, ಆ ದಿನ ಏನು ಮಾಡಿದೆ ಎಂದೂ ಬರೆಯಬೇಕು.

ಮೂರು ವಾರದ ಹಾಳೆಗಳನ್ನು ಸಾಲಾಗಿ ಹರಡಿ ನೋಡಿದಾಗ ನನಗೆ ಅಳು ಬಂತು. ನಾನು ಎಲ್ಲದಕ್ಕೂ ಕತ್ತಲೆಯನ್ನೇ ದೂರುತ್ತಿದ್ದೆ. ಬೆಳಗಿನ ಸುಸ್ತು ನಿಜವಾಗಿ ಕತ್ತಲೆಯದ್ದೇ. ಸಂಜೆ ಮೂರರ ಕಲ್ಲು ಹೆದರಿಕೆ. ಪರ್ಮಿಟ್ ಸಿಗದಿದ್ದರೆ, ಕೆಲಸ ಹೋದರೆ, ಊರಲ್ಲಿ ಅಪ್ಪನಿಗೆ ಏನಾದರೂ ಆದರೆ. ಗುರುವಾರ, ಭಾನುವಾರ ರಾತ್ರಿಯದು ಒಂಟಿತನ. ಹೆದರಿಕೆಗೆ ದೀಪ ಹಚ್ಚಿ ಕೂತರೆ ಹೇಗೆ ಇಳಿಯಬೇಕು?

ಆಮೇಲಿನ ಕೆಲಸ ಸಣ್ಣಸಣ್ಣದು. ಪರ್ಮಿಟ್ ಚಿಂತೆಗೆ ದಿನಕ್ಕೆ ಹದಿನೈದು ನಿಮಿಷ, ಕಾಗದ ಪೆನ್ನು ಹಿಡಿದು. ಗುರುವಾರಕ್ಕೆ ಜನ. ಸ್ವೀಡನ್ನಿನಲ್ಲಿ ಗುರುವಾರ ಬಟಾಣಿ ಸೂಪು, ಪ್ಯಾನ್‌ಕೇಕ್ ಮಾಡುವ ಹಳೆಯ ರೂಢಿ ಇದೆ. ನಾನು ಅಕ್ಕಿರೊಟ್ಟಿ, ಕಾಯಿಚಟ್ನಿ ಮಾಡಿ ಇಬ್ಬರು ಗೆಳತಿಯರನ್ನು ಕರೆದೆ. ಬೇಡ ಅನಿಸಿದ ವಾರವೂ ಕರೆಯಬೇಕು ಎಂಬುದೇ ಒಪ್ಪಂದ.

ದೀಪ ಮತ್ತು ಸಿಬಿಟಿಯನ್ನು ಅಮೆರಿಕದ ವರ್ಮಾಂಟ್‌ನಲ್ಲಿ ಕೆಲ್ಲಿ ರೋಹನ್ ಎಂಬ ಸಂಶೋಧಕಿ 177 ಜನರಲ್ಲಿ ಹೋಲಿಸಿದ್ದಾರೆ. ಆರು ವಾರದ ಕೊನೆಗೆ ಎರಡೂ ಹೆಚ್ಚುಕಡಿಮೆ ಸಮ. ಎರಡು ಚಳಿಗಾಲ ಕಳೆದ ಮೇಲೆ ಖಿನ್ನತೆ ಮತ್ತೆ ಬಂದದ್ದು ದೀಪದವರಲ್ಲಿ ಸುಮಾರು 46%, ಸಿಬಿಟಿಯವರಲ್ಲಿ 27%. ನನ್ನ ಅನುಭವವೂ ಆ ಕಡೆಗೇ. ದೀಪ ಬಿಟ್ಟ ನಾಲ್ಕನೇ ದಿನಕ್ಕೆ ಸುಸ್ತು ವಾಪಸ್ ಬರುತ್ತಿತ್ತು. ಹಾಳೆ ತುಂಬುವುದನ್ನು ನಿಲ್ಲಿಸಿ ವರ್ಷವಾಯಿತು, ಕಲಿತದ್ದು ಹೋಗಿಲ್ಲ.

ವಿಟಮಿನ್ ಡಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಇಲ್ಲಿಯ ಚಳಿಗಾಲದ ಬಿಸಿಲಿನಲ್ಲಿ ಚರ್ಮ ಅದನ್ನು ತಯಾರಿಸುವುದಿಲ್ಲ, ನಾನು ಮೀನೂ ತಿನ್ನುವುದಿಲ್ಲ. ಹಾಗಾಗಿ ತಗೊಳ್ಳುತ್ತೇನೆ. ಮನಸ್ಸಿಗೆ ಅದರಿಂದ ವ್ಯತ್ಯಾಸ ಕಾಣಲಿಲ್ಲ. ಜನವರಿಯಲ್ಲಿ ಊರಿಗೆ ಹೋಗಿ ಬಂದದ್ದು ಹದಿನೈದು ದಿನದ ಸುಖ. ವಾಪಸ್ ಬಂದ ವಾರ ಮೊದಲಿಗಿಂತ ಕಷ್ಟವಾಯಿತು.

ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಏಳಲು ಆಗದಿರುವುದೇ ತೊಂದರೆಯಾದರೆ ದೀಪ, ಸೆಪ್ಟೆಂಬರ್ ಕೊನೆಗೇ ಕೊಂಡಿಡಿ. ದುಡ್ಡು ಹಾಕುವ ಮೊದಲು ಎರಡು ವಾರ ಮಧ್ಯಾಹ್ನ ನಡೆದು ನೋಡಿ. ಯೋಚನೆ ಸುತ್ತಿ ಸುತ್ತಿ ಕಾಡುತ್ತಿದ್ದರೆ ನೇರ ಮಾತಿಗೆ ಹೋಗಿ, ಕಾಯುವ ಸಾಲು ಉದ್ದ ಇದ್ದರೂ. ಬದುಕೇ ಬೇಡ ಅನಿಸುತ್ತಿದ್ದರೆ ಈ ಹೋಲಿಕೆ ಯಾವುದೂ ಬೇಡ. ಸ್ವೀಡನ್ನಿನಲ್ಲಿ ತಕ್ಷಣ 112ಕ್ಕೆ ಫೋನ್ ಮಾಡಿ. ಭಾರತದಲ್ಲಿದ್ದರೆ ಟೆಲಿ ಮಾನಸ್ 14416, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ದೀಪ ಅದಕ್ಕೂ ಎರಡು ವಾರ ಮೊದಲೇ ಮೇಜಿನ ಈ ಕಡೆ ಬಂದಿರುತ್ತದೆ. ಗುರುವಾರದ ರೊಟ್ಟಿಗೆ ಈ ಸಲ ಐದು ಜನ.