ಶ್ವಾಸಕೋಶದ ಕ್ಯಾನ್ಸರ್: ಜೀನ್ ಪರೀಕ್ಷೆಗೆ ಗಡ್ಡೆಯ ತುಣುಕೋ, ರಕ್ತವೋ?

ಶ್ವಾಸಕೋಶದ ಅಡಿನೋಕಾರ್ಸಿನೋಮ (ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆ) ಎಂದು ಖಚಿತವಾದ ಮೇಲೆ ಇಜಿಎಫ್‌ಆರ್, ಎಎಲ್‌ಕೆ ಮುಂತಾದ ಜೀನ್‌ಗಳ ಬದಲಾವಣೆಯನ್ನು ಗಡ್ಡೆಯ ತುಣುಕಿನಲ್ಲಿ ಹುಡುಕಿಸಬೇಕೇ, ರಕ್ತದಲ್ಲಿ ಹುಡುಕಿಸಿದರೆ ಸಾಕೇ ಎಂದು ಕೇಳಿದ್ದೀರಿ.

ನಿಖರತೆಯಲ್ಲಿ ತುಣುಕಿನದೇ ಮೇಲುಗೈ. ರಕ್ತಪರೀಕ್ಷೆಯು ಗಡ್ಡೆಯಿಂದ ರಕ್ತಕ್ಕೆ ಸೋರಿದ ಡಿಎನ್‌ಎ ಚೂರುಗಳನ್ನು ನೆಚ್ಚಿಕೊಂಡಿದೆ. ಗಡ್ಡೆ ಚಿಕ್ಕದಿದ್ದರೆ ಅಥವಾ ಕಾಯಿಲೆ ಮಿದುಳಿಗಷ್ಟೇ ಹರಡಿದ್ದರೆ ಅವು ಸಿಗದೇ ಹೋಗಬಹುದು. ರಕ್ತದಲ್ಲಿ ಇಜಿಎಫ್‌ಆರ್ ಬದಲಾವಣೆ ಕಂಡರೆ ವೈದ್ಯರು ಅದರ ಆಧಾರದಲ್ಲೇ ಆ ಬದಲಾವಣೆಯನ್ನು ಗುರಿಯಾಗಿಸುವ ಮಾತ್ರೆ ಆರಂಭಿಸಬಹುದು. ಆದರೆ ಕಾಣದಿದ್ದರೆ, ಬದಲಾವಣೆಯೇ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ವರದಿ ಓದುವಾಗ ಎಡವುವುದು ಇಲ್ಲಿಯೇ.

ದೇಹಕ್ಕೆ ರಕ್ತಪರೀಕ್ಷೆಯೇ ಹಗುರ, ಫಲಿತಾಂಶವೂ ಸಾಮಾನ್ಯವಾಗಿ ಬೇಗ ಬರುತ್ತದೆ. ಎದೆಯೊಳಕ್ಕೆ ಸೂಜಿ ಹಾಕಿ ಬಯಾಪ್ಸಿ ಮಾಡುವಾಗ, ಅಂದರೆ ತುಣುಕು ತೆಗೆಯುವಾಗ, ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಳ್ಳುವ ಅಪಾಯವಿರುವುದರಿಂದ, ತೀರಾ ನಿತ್ರಾಣರಾದವರಿಗೆ ರಕ್ತದಿಂದ ಆರಂಭಿಸುವುದು ವಿವೇಕ.

ವೆಚ್ಚದ ಚಿಂತೆಯಿದ್ದರೆ, ಮೊದಲ ಬಯಾಪ್ಸಿಯ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಉಳಿದಿದೆಯೇ ಎಂದು ವಿಚಾರಿಸಿ. ಅದರಲ್ಲೇ ಇಜಿಎಫ್‌ಆರ್‌ಗೆ ಪಿಸಿಆರ್ (ಒಂದು ಬಗೆಯ ಡಿಎನ್‌ಎ ಪರೀಕ್ಷೆ), ಎಎಲ್‌ಕೆಗೆ ಇಮ್ಯುನೊಹಿಸ್ಟೊಕೆಮಿಸ್ಟ್ರಿ (ತುಣುಕಿಗೆ ಬಣ್ಣ ಹಾಕಿ ಪ್ರೋಟೀನ್ ಗುರುತಿಸುವ ಪರೀಕ್ಷೆ) ಮಾಡಿಸುವುದು ಹಲವು ಜೀನ್‌ಗಳನ್ನು ಒಟ್ಟಿಗೇ ಓದುವ ಎನ್‌ಜಿಎಸ್ ಪ್ಯಾನೆಲ್‌ಗಿಂತ ಅಗ್ಗ, ಆದರೆ ಅಪರೂಪದ ಬದಲಾವಣೆಗಳು ಅದರಲ್ಲಿ ತಪ್ಪಿಹೋಗುತ್ತವೆ.

ಗೆಫಿಟಿನಿಬ್‌ನಂಥ ಇಜಿಎಫ್‌ಆರ್ ಮಾತ್ರೆಗೆ ಗಡ್ಡೆ ಬಗ್ಗದಾದಾಗ ಔಷಧಕ್ಕೆ ಜಗ್ಗದಂತೆ ಮಾಡುವ ಟಿ790ಎಂ ಎಂಬ ಇಜಿಎಫ್‌ಆರ್ ಬದಲಾವಣೆಯನ್ನು ಮೊದಲು ರಕ್ತದಲ್ಲಿ ನೋಡುವುದುಂಟು, ಸಿಕ್ಕರೆ ಒಸಿಮರ್ಟಿನಿಬ್ ಎಂಬ ಮಾತ್ರೆ ಕೊಡಬಹುದು. ಸಿಗದಿದ್ದರೆ ಮತ್ತೆ ಬಯಾಪ್ಸಿಯೇ ಬೇಕು. ಗಡ್ಡೆಯು ಸ್ಮಾಲ್ ಸೆಲ್ ಎಂಬ ಬೇರೆ ಬಗೆಯ ಕ್ಯಾನ್ಸರಿಗೆ ತಿರುಗಿದ್ದರೆ ಅದನ್ನು ಖಚಿತಪಡಿಸುವುದು ಸೂಕ್ಷ್ಮದರ್ಶಕದಡಿಯ ತುಣುಕು ಮಾತ್ರ.