ಐವತ್ತು ವರ್ಷ ಹಳೆಯ ಪತ್ರಿಕೆ, ಒಳಗೊಂದು ಯುದ್ಧದಾಟ

ಸ್ಟ್ರಾಟಜಿ ಆಂಡ್ ಟ್ಯಾಕ್ಟಿಕ್ಸ್ ಪತ್ರಿಕೆಯ 52ನೇ ಸಂಚಿಕೆ, 1975ರದ್ದು. ಅಮೆರಿಕದಿಂದ ತರಿಸಿಕೊಂಡೆ. ಪತ್ರಿಕೆಗಿಂತ ಅಂಚೆ ಖರ್ಚೇ ಜಾಸ್ತಿ ಆಯ್ತು. ಆದರೂ ಯುದ್ಧದಾಟದ, ಅಂದರೆ ನಕ್ಷೆಯ ಮೇಲೆ ಕಾಯಿ ನಡೆಸಿ ಯುದ್ಧ ಆಡುವ ಆಟದ, ಹುಚ್ಚಿರುವವರು ಇಂಥದ್ದೊಂದು ಹಳೆಯ ಸಂಚಿಕೆ ಕೊಳ್ಳಲೇಬೇಕು ಅಂತೀನಿ.

ಇದು ಓದಿ ಪಕ್ಕಕ್ಕಿಡುವ ಪತ್ರಿಕೆಯಲ್ಲ. 1969ರಲ್ಲಿ ಯುದ್ಧದಾಟಗಳನ್ನು ರೂಪಿಸುವ ಜಿಮ್ ಡನಿಗನ್ ಇದನ್ನು ವಹಿಸಿಕೊಂಡ ಮೇಲೆ ಪ್ರತಿ ಸಂಚಿಕೆಯ ಜೊತೆ ಒಂದು ಪೂರ್ತಿ ಆಟವನ್ನೇ ಕೊಡತೊಡಗಿದರು. ನಕ್ಷೆ, ನಿಯಮ, ರಟ್ಟಿನ ಕಾಯಿಗಳು ಎಲ್ಲ ಒಳಗೇ. ದಾಳ ಮಾತ್ರ ನಾವು ಹೊಂದಿಸಿಕೊಳ್ಳಬೇಕು.

ಈ ಸಂಚಿಕೆಯ ಆಟ 'ಆಯಿಲ್ ವಾರ್'. 1973ರಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದ್ದವಲ್ಲ, ಆ ಬಿಸಿ ಆರುವ ಮೊದಲೇ ಮಾಡಿದ್ದು. ಅಮೆರಿಕ ಪರ್ಷಿಯನ್ ಕೊಲ್ಲಿಗೆ ಸೈನ್ಯ ಇಳಿಸಿದರೆ ಏನಾದೀತು ಅನ್ನುವುದೇ ಆಟ. ಇರಾನಿನ ಕ್ರಾಂತಿ, ಕುವೈತ್ ಯುದ್ಧ ಯಾವುದೂ ಇನ್ನೂ ಆಗಿರಲಿಲ್ಲ. ಅಂದಿನವರಿಗೆ ನಾಳೆ ಬಗ್ಗೆ ಎಂಥ ಭಯ ಇತ್ತು ಅನ್ನುವುದು ಕಾಯಿ ನಡೆಸುವಾಗ ಅರ್ಥವಾಗುತ್ತದೆ. ಇತಿಹಾಸದ ಪುಸ್ತಕ ಓದಿ ನನಗೆ ಅದು ಅಷ್ಟು ತಟ್ಟಿರಲಿಲ್ಲ.

ಕಾಯಿಗಳು ಅರ್ಧ ಇಂಚಿನ ಚೌಕ. ಕಾಯಿಯ ಮೇಲೆ ಬರೆದ ಪುಟ್ಟ ಪೆಟ್ಟಿಗೆಯೊಳಗೆ ಗುಣಾಕಾರ ಚಿಹ್ನೆ ಇದ್ದರೆ ಕಾಲಾಳು, ಮೊಟ್ಟೆ ಆಕಾರ ಇದ್ದರೆ ಟ್ಯಾಂಕು ಪಡೆ. ಈ ಗುರುತು ಒಮ್ಮೆ ಕಲಿತರೆ ಸಾಕು, ಇವತ್ತಿನ ಎಷ್ಟೋ ಆಟಗಳಲ್ಲೂ ಅವೇ ಇವೆ.

ನಿಯಮಗಳು ಮಾತ್ರ ಕಾನೂನು ಪುಸ್ತಕದ ಹಾಗೆ ಕಲಂ, ಉಪಕಲಂ ಅಂತ ಸಾಗುತ್ತವೆ. ಅಕ್ಷರ ಸಣ್ಣದು, ರಾತ್ರಿ ಓದಲು ಕಷ್ಟ. ನಕ್ಷೆ ತೆಳು ಕಾಗದ, ಮಡಿಕೆ ಎದ್ದು ಕಾಯಿ ಜಾರುತ್ತದೆ. ಫೋಟೊ ಫ್ರೇಮಿನ ಅಂಗಡಿಯಲ್ಲಿ ಅಕ್ರಿಲಿಕ್ ಹಾಳೆ ಕತ್ತರಿಸಿಕೊಂಡು ಬಂದು ಮೇಲೆ ಹಾಸಿದೆ, ಸರಿಹೋಯ್ತು.

ನನಗೆ ತುಂಬಾ ಇಷ್ಟವಾದದ್ದು ಓದುಗರ ಅಭಿಪ್ರಾಯದ ಕಾರ್ಡು. ಲೇಖನಕ್ಕೆ, ಆಟಕ್ಕೆ 1ರಿಂದ 9ರವರೆಗೆ ಅಂಕ ಕೊಟ್ಟು ಕಳಿಸಬೇಕಿತ್ತು. ಮುಂದೆ ಯಾವ ಆಟ ಮಾಡಬೇಕು ಅಂತಲೂ ಕೇಳುತ್ತಿದ್ದರು. ಓದುಗರ ಮಾತಿಗೆ ಇಷ್ಟು ಬೆಲೆ ಕೊಡುವ ಪತ್ರಿಕೆ ಈಗ ಎಲ್ಲಿದೆ? ನನ್ನ ಪ್ರತಿಯಲ್ಲಿ ಹಿಂದಿನವರು ಪೆನ್ಸಿಲ್ಲಿನಲ್ಲಿ ಅಂಕ ಬರೆದಿದ್ದಾರೆ, ಕಾರ್ಡು ಮಾತ್ರ ಅಂಚೆಗೆ ಹೋಗಿಲ್ಲ. ಅವರು ಆಟಕ್ಕೆ ಕೊಟ್ಟದ್ದು 6. ನಾನಾದರೆ 8 ಕೊಡುತ್ತೇನೆ.

ಕೊಳ್ಳುವ ಮೊದಲು ಕಾಯಿಗಳ ಹಾಳೆಯ ಫೋಟೊ ಕೇಳಿ. ಕಾಯಿಗಳನ್ನು ಹಾಳೆಯಿಂದ ಬಿಡಿಸದೆ ಇದ್ದರೆ ಬೆಲೆ ಹೆಚ್ಚು. ಬಿಡಿಸಿದ್ದರೂ ಲೆಕ್ಕ ಸರಿಯಿದ್ದರೆ ಧಾರಾಳವಾಗಿ ತಗೊಳ್ಳಿ. ಲೇಖನವಷ್ಟೇ ಸಾಕು ಅನ್ನುವವರನ್ನು ಬಿಟ್ಟರೆ, ಕಾಯಿ ಕಳೆದುಹೋದ ಸಂಚಿಕೆ ಅರ್ಧ ಬೆಲೆಗೆ ಸಿಕ್ಕರೂ ಬೇಡ.